ಅರವತ್ತು ಅಂದ್ರೆ ಯಾವ ಅರವತ್ತು?

ನಮ್ಮೂರು ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿ. ಸೋದರಮಾವನ ಮನೆ ಇರೋದು ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲಿ, ರೇಷ್ಮೆ ಸೀರೆ ನೇಯೋ ಊರು. ಕಳೆದ ರಜೆಗೆ ಹೋದಾಗ ಮಾವ ಮಗ್ಗ ನಿಲ್ಲಿಸಿ ಕೂತಿದ್ರು.

"ಹೊಕ್ಕಿಗೆ 60 ಡೆನಿಯರ್ ರೇಷ್ಮೆ ಹಾಕ್ತಿದ್ದೆ ಕಣಪ್ಪ. ಈ ಸಲ ಹತ್ತಿ ಹಾಕು ಅಂತ 60 ಕೌಂಟ್ ನೂಲು ಕೊಟ್ಟವ್ರೆ, ತೂಕ ಮೊದಲಿನಷ್ಟೇ. ಮೂರು ಸೀರೆ ನೂಲು ಎರಡಕ್ಕೇ ಮುಗೀತು. ಮಿಕ್ಕಿದ್ದು ಎಲ್ಲಿ ಅಂತ ಕೇಳ್ತಾವ್ರೆ. ಏನಂತ ಹೇಳಲಿ?"

ಮಾವ ಕದ್ದಿರಲಿಲ್ಲ. ಕದ್ದಿದ್ದು ಲೆಕ್ಕ.

ಡೆನಿಯರ್ ಅಂದ್ರೆ 9000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತೆ ಅನ್ನೋದು. ಅಂಕಿ ಏರಿದಷ್ಟೂ ಎಳೆ ದಪ್ಪ. ಹತ್ತಿಯ ಕೌಂಟ್ ಇದಕ್ಕೆ ಪೂರ್ತಿ ಉಲ್ಟಾ: ಒಂದು ಪೌಂಡಿಗೆ 840 ಗಜದ ಲಡಿ ಎಷ್ಟು ಬರುತ್ತೆ ಅನ್ನೋದು. ಅಂಕಿ ಏರಿದಷ್ಟೂ ಎಳೆ ಸಣ್ಣ. 5315ನ್ನು ಕೌಂಟಿನಿಂದ ಭಾಗಿಸಿದ್ರೆ ಡೆನಿಯರ್ ಸಿಗುತ್ತೆ. ಹಾಗಾಗಿ 60 ಕೌಂಟ್ ಅಂದ್ರೆ ಸುಮಾರು 88.6 ಡೆನಿಯರ್. ಅಷ್ಟೇ ತೂಕದಲ್ಲಿ ಉದ್ದ ಮೂರನೇ ಎರಡು ಭಾಗ ಮಾತ್ರ. ಮೂರು ಸೀರೆ ಎರಡಾಗಿದ್ದು ಹೀಗೆ. ಎರಡೂ ಅಂಕಿ ಒಂದೇ ಆಗೋದು 73ರ ಹತ್ತಿರ ಮಾತ್ರ.

ಬರೆಯೋ ರೀತಿಯಲ್ಲೂ ಗೊಂದಲ ಇದೆ. ಹತ್ತಿಯಲ್ಲಿ 2/40 ಅಂದ್ರೆ 40 ಕೌಂಟಿನ ಎರಡೆಳೆ ಹುರಿ. ರೇಷ್ಮೆಯಲ್ಲಿ 20/22 ಅಂದ್ರೆ 20ರಿಂದ 22 ಡೆನಿಯರ್ ಒಳಗಿನ ಒಂದೇ ಎಳೆ. ಗೀಟು ಒಂದೇ, ಅರ್ಥ ಬೇರೆ.

ಇದಕ್ಕೆ ಟೆಕ್ಸ್ ಅನ್ನೋ ಮಾನ ಇದೆ: 1000 ಮೀಟರಿಗೆ ಎಷ್ಟು ಗ್ರಾಂ ಅಷ್ಟು ಟೆಕ್ಸ್. ಹತ್ತಿಯೋ ರೇಷ್ಮೆಯೋ, ಎಲ್ಲಕ್ಕೂ ಒಂದೇ. ಡೆನಿಯರನ್ನು 9ರಿಂದ ಭಾಗಿಸಿ, ಇಲ್ಲಾ 590.5ನ್ನು ಕೌಂಟಿನಿಂದ ಭಾಗಿಸಿ, ಮುಗೀತು. 40 ಮತ್ತು 60 ಕೌಂಟಿನ ಎಳೆ ಸೇರಿಸಿ ಹುರಿ ಮಾಡಿದ್ರೆ ಎಷ್ಟು? ಅನೇಕರು 50 ಅಂತಾರೆ. ಉತ್ತರ 24. ಟೆಕ್ಸಿನಲ್ಲಾದ್ರೆ 14.8ಕ್ಕೆ 9.8 ಕೂಡಿಸಿದ್ರೆ ಸಾಕು.

ಹಾಗಂತ ನೇಕಾರರು ಕೌಂಟ್ ಮರೆತು ಟೆಕ್ಸ್ ಕಲಿಯಲಿ ಅಂತ ನಾನು ಹೇಳಲ್ಲ. ಕೌಂಟ್ ಅವರ ಬೆರಳಿಗೇ ಗೊತ್ತು. 40 ಕೌಂಟಿನ ಹತ್ತು ಪೌಂಡ್ ಕಟ್ಟಿನಲ್ಲಿ 400 ಲಡಿ ಅಂತ ಬಾಯಲ್ಲೇ ಹೇಳ್ತಾರೆ. ಬದಲಾಗಬೇಕಾದವರು ನೂಲು ಮಾರೋರು, ಕೊಡೋರು. ಕಟ್ಟಿನ ಚೀಟಿ ಮೇಲೆ ಕೌಂಟ್ ಅಥವಾ ಡೆನಿಯರ್ ಪಕ್ಕ ಟೆಕ್ಸನ್ನೂ ಕನ್ನಡದಲ್ಲಿ ಅಚ್ಚು ಹಾಕಬೇಕು. ತೂಕ ಮಾಡಿ ನೂಲು ಕೊಡೋರು ಉದ್ದವನ್ನೂ ಬರೆದುಕೊಡಬೇಕು. ತೂಕ ಕಮ್ಮಿ ಬಂದ್ರೆ ಕೂಲಿ ಹಿಡಿಯೋದು ನೇಕಾರನದ್ದೇ ತಾನೇ?

ನಾವೂ ಸುಮ್ಮನಿರಬಾರದು. ಯುನಿಟ್ ಕನ್ವರ್ಷನ್ನು ನಮಗೆ ಎರಡು ಮಾರ್ಕಿನ ಪ್ರಶ್ನೆ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡ್ತೀವಿ. ಮಗ್ಗದ ಮನೆಯಲ್ಲಿ ಅದು ಒಂದು ಸೀರೆ ಕೂಲಿ, ಜೊತೆಗೆ ಮರ್ಯಾದೆ.

ಅವತ್ತು ಮಾವನಿಗೆ ಒಂದು ಹಾಳೆಯಲ್ಲಿ ಕೌಂಟ್, ಡೆನಿಯರ್, ಟೆಕ್ಸ್ ಮೂರನ್ನೂ ಪಕ್ಕಪಕ್ಕ ಬರೆದುಕೊಟ್ಟೆ. ಅದನ್ನ ಮಗ್ಗದ ಕಂಬಕ್ಕೆ ಅಂಟಿಸಿದ್ದಾರೆ. ನಮ್ಮ ಕನ್ನಡ ಸಂಘ ಅಂಥದ್ದೇ ಪಟ್ಟಿ ಅಚ್ಚು ಹಾಕಿಸಿ ಊರೂರಿಗೆ ಹಂಚಿದ್ರೆ, ಈ ವರ್ಷದ ರಾಜ್ಯೋತ್ಸವಕ್ಕೆ ಅದಕ್ಕಿಂತ ಒಳ್ಳೇ ಕೆಲಸ ನನಗಂತೂ ಹೊಳೀತಿಲ್ಲ.