ಕೂಲಿ ಎಂಬ ಖಾಲಿ ಸಾಲು

ನನ್ನ ನಾನಿ ಜಮಖಾನೆ ನೇಯುತ್ತಾರೆ. ನವಲಗುಂದದ ಜಮಖಾನೆಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದು ನಮಗೆಲ್ಲ ಹೆಮ್ಮೆಯ ವಿಷಯ. ಅದನ್ನು ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು. ಮನೆಯೊಳಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಪಂಜಾದಿಂದ ನೂಲು ಬಡಿದು ಬಡಿದು ನೇಯುತ್ತಾರೆ.

ಕಳೆದ ರಜೆಯಲ್ಲಿ ಲೆಕ್ಕಶಾಸ್ತ್ರದ ಅಭ್ಯಾಸವಾಗಲಿ ಎಂದು ಒಂದು ಜಮಖಾನೆಯ ಖರ್ಚು ಬರೆಯಲು ಕುಳಿತೆ. ನೂಲು, ಬಣ್ಣ, ಬಸ್ಸಿನ ಚಾರ್ಜು ಎಲ್ಲ ಬರೆದೆ. ‘ಕೂಲಿ ಎಷ್ಟು ಹಾಕಲಿ?’ ಎಂದು ಕೇಳಿದೆ. ನಾನಿ ನಕ್ಕರು. ‘ಅದನ್ನೇನು ಬರೆಯುತ್ತೀ, ಅದು ಮನೆಕೆಲಸ’ ಎಂದರು. ಆ ಸಾಲು ಖಾಲಿಯೇ ಉಳಿಯಿತು.

ಈ ಖಾಲಿ ಸಾಲನ್ನು ನಾವು ವಿದ್ಯಾರ್ಥಿಗಳೇ ತುಂಬಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಒಂದು ಪುಟ್ಟ ಪತ್ರಿಕೆ ಸಾಕು. ಹೊರದೇಶಗಳಲ್ಲಿ ಇದಕ್ಕೆ ‘ಝೀನ್’ ಎನ್ನುತ್ತಾರೆ. 1976ರಲ್ಲಿ ಲಂಡನ್ನಿನ ಮಾರ್ಕ್ ಪೆರಿ ಎಂಬ ಬ್ಯಾಂಕ್ ಗುಮಾಸ್ತ ಪಂಕ್ ಎಂಬ ಹೊಸ ಸಂಗೀತದ ಬಗ್ಗೆ ತಾನೇ ಟೈಪ್ ಮಾಡಿ, ಜೆರಾಕ್ಸ್ ತೆಗೆಸಿ ಹಂಚಿದ. ಮುಂದೆ ಕಾರ್ಮಿಕರು, ಹೆಣ್ಣುಮಕ್ಕಳು ತಮ್ಮ ದುಡಿಮೆಯ ಮಾತು ಬರೆಯಲು ಇದೇ ದಾರಿ ಹಿಡಿದರು. ನಮ್ಮ ಶಾಲೆಗಳ ಕೈಬರಹದ ಪತ್ರಿಕೆಯೂ ಇದರ ಅಕ್ಕನೇ.

‘ಮೊಬೈಲ್ ಸ್ಟೇಟಸ್ ಹಾಕಿದರೆ ಆಗದೇ?’ ಎಂದು ಗೆಳತಿ ಕೇಳಿದಳು. ಸ್ಟೇಟಸ್ 24 ಗಂಟೆಯಲ್ಲಿ ಅಳಿಸಿಹೋಗುತ್ತದೆ. ನಾನಿಯ ಬಳಿ ಫೋನೂ ಇಲ್ಲ. ಕಾಗದವಾದರೆ ಪಕ್ಕದ ಮನೆಗೆ ಹೋಗುತ್ತದೆ. ಈಗ ಒಂದು ಮನೆಗೆ ಸಿಗುವ ಬೆಲೆ ಇನ್ನೊಂದು ಮನೆಗೆ ಗೊತ್ತಿಲ್ಲ, ಪ್ರತಿಯೊಬ್ಬರೂ ಒಂಟಿಯಾಗಿ ಚೌಕಾಸಿ ಮಾಡುತ್ತಾರೆ. ಎಷ್ಟು ದಿನ ನೇಯ್ದೆವು, ಎಷ್ಟು ಸಿಕ್ಕಿತು ಎಂದು ಹತ್ತು ಮನೆಯವರು ಬರೆಸಿದರೆ, ಹತ್ತೂ ಮನೆಯವರು ಒಂದೇ ಮಾತು ಆಡಬಹುದು.

ಒಟ್ಟಾಗುವುದು ನಮ್ಮ ಊರಿಗೆ ಹೊಸದಲ್ಲ. ಮಲಪ್ರಭಾ ನೀರಾವರಿಯ ಕರದ ವಿರುದ್ಧ ರೈತರು ಒಟ್ಟಾದಾಗ, 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗೋಲಿಬಾರ್ ಆಯಿತು, ರೈತರು ಪ್ರಾಣ ಕೊಟ್ಟರು. ಪ್ರತಿವರ್ಷ ಅವರನ್ನು ನೆನೆಯುತ್ತೇವೆ. ಆದರೆ ಅಂದು ಬಾಗಿಲ ಹಿಂದೆ ನಿಂತಿದ್ದ ತಾಯಂದಿರು ಏನು ಕಂಡರೆಂದು ನಾವು ಕೇಳಿದ್ದೇವೆಯೇ? ಆಗ 20 ವರ್ಷದವರಾಗಿದ್ದವರು ಈಗ ಮುದುಕರು. ಇದನ್ನೂ ಬರೆದಿಡಬೇಕು.

ನಾನಿಗೆ ಒಂದು ಹೆದರಿಕೆ: ‘ಕೊಳ್ಳುವವರಿಗೆ ಸಿಟ್ಟು ಬಂದರೆ?’ ಹೆದರಿಕೆ ಸುಳ್ಳಲ್ಲ. ಆದ್ದರಿಂದ ಯಾರ ಹೆಸರೂ ಬೇಡ, ದಿನ ಮತ್ತು ದುಡ್ಡು ಮಾತ್ರ ಸಾಕು. ಹೇಳಿದವರಿಗೆ ಓದಿ ತೋರಿಸಿ, ಅವರು ಹೂಂ ಎಂದ ಮೇಲೆಯೇ ಜೆರಾಕ್ಸ್.

ಒಂದು ಎ4 ಹಾಳೆ ಮಡಚಿ ನಡುವೆ ಕತ್ತರಿಸಿದರೆ ಎಂಟು ಪುಟ. ಮೊದಲ ಪುಟ ನನ್ನದು. ನಾನಿ ಉರ್ದುವಿನಲ್ಲಿ ಹೇಳುತ್ತಾರೆ, ನಾನು ಕನ್ನಡದಲ್ಲಿ ಬರೆಯುತ್ತೇನೆ. ಹೊಲಕ್ಕೆ, ಹೋಟೆಲಿಗೆ, ಗ್ಯಾರೇಜಿಗೆ ಹೋಗುವವರು ನಿಮ್ಮ ಮನೆಯಲ್ಲೂ ಇದ್ದಾರೆ. ಇನ್ನೂ ಏಳು ಪುಟ ಖಾಲಿ ಇವೆ.