ಪಹಣಿಯಲ್ಲಿ ಹೆಸರಿಲ್ಲದವರು

ಯೋಜನೆಗಳಿಗೆ ರೈತರ ಜಮೀನನ್ನು ಕಿತ್ತುಕೊಳ್ಳದೆ ಬಾಡಿಗೆಗೆ ಪಡೆದರೆ ನ್ಯಾಯ ಸಿಕ್ಕಂತೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಪಾವಗಡಕ್ಕೇ ಹೋಗಬೇಕು. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ರಾಯಚೆರ್ಲು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಗುತ್ತಿಗೆ 28 ವರ್ಷದ್ದು, ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರಿಕೆ. ಒಡೆತನ ರೈತರದೇ. ಮಳೆ ನಂಬಿ ಶೇಂಗಾ ಬಿತ್ತಿ, ಬೀಜದ ದುಡ್ಡೂ ಹುಟ್ಟದೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ಮನೆಗಳಿಗೆ ಇದು ನಿಜವಾದ ಆಸರೆ. ಕಲ್ಲಿದ್ದಲು ಸುಡದೆ ಇಷ್ಟು ವಿದ್ಯುತ್ ಸಿಗುವುದನ್ನೂ ಹಗುರವಾಗಿ ಕಾಣುವಂತಿಲ್ಲ.

ಆದರೆ ಒಂದು ಹೊಲವನ್ನು ಅದರ ಒಡೆಯ ಮಾತ್ರ ಉಣ್ಣುವುದಿಲ್ಲ. ಕಳೆ ತೆಗೆಯುವ, ಕಾಯಿ ಬಿಡಿಸುವ ಹೆಂಗಸರ ಕೂಲಿ ಅಲ್ಲಿಂದಲೇ ಬರಬೇಕು. ವಾರಕ್ಕೆ ಉಳುವವನ ಪಾಲೂ ಅಲ್ಲಿಯದೇ. ಕೊಯ್ಲು ಮುಗಿದ ಮೇಲೆ ಕುರಿಗಾಹಿ ಮಂದೆ ತಂದು ನಿಲ್ಲಿಸುತ್ತಾನೆ. ಕುರಿಗೆ ಮೇವು, ಹೊಲಕ್ಕೆ ಗೊಬ್ಬರ. ಸರ್ಕಾರಿ ಕಡತಗಳು ಬೀಳು ಎಂದು ಬರೆದಿಟ್ಟ ನೆಲದಲ್ಲೂ ಹಸು ಮೇಯುತ್ತದೆ, ಸೌದೆ ಸಿಗುತ್ತದೆ. ಬೇಲಿ ಬಿದ್ದ ದಿನ ಇದೆಲ್ಲ ನಿಂತುಹೋಗುತ್ತದೆ. ಬಾಡಿಗೆಯಾದರೋ ಪಹಣಿ ನೋಡಿಯೇ ಸಂದಾಯವಾಗುವುದು: ಹತ್ತು ಎಕರೆಯವನಿಗೆ ವರ್ಷಕ್ಕೆ ಎರಡು ಲಕ್ಷ ದಾಟುತ್ತದೆ, ಎರಡು ಎಕರೆಯವನಿಗೆ ಶುರುವಿನ ದರದಲ್ಲಿ ತಿಂಗಳಿಗೆ 3,500, ನೆಲವಿಲ್ಲದವನಿಗೆ ಏನೂ ಇಲ್ಲ. ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸಗಳು ಕೆಲವರಿಗೆ ಸಿಗುತ್ತವೆ. ಅಷ್ಟು ದೊಡ್ಡ ಬಯಲು ಹಿಂದೆ ಕೊಡುತ್ತಿದ್ದ ಕೂಲಿಗೆ ಅವು ಸಾಟಿಯಾಗಲಾರವು.

ನನ್ನನ್ನು ಹೆಚ್ಚು ಕಾಡುವುದು ಕಾನೂನಿನ ಸಂಗತಿ. 2013ರ ಭೂಸ್ವಾಧೀನ ಕಾಯ್ದೆ ಬಾಧಿತ ಕುಟುಂಬಗಳ ಲೆಕ್ಕದಲ್ಲಿ ಕೃಷಿ ಕೂಲಿಗಳನ್ನೂ ಗೇಣಿದಾರರನ್ನೂ ಸೇರಿಸಿತು. ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಬೇಡಿತು. ಗುತ್ತಿಗೆಯೆಂದರೆ ಸ್ವಾಧೀನವಲ್ಲ, ಹಾಗಾಗಿ ಆ ಕಾಯ್ದೆ ಇಲ್ಲಿಗೆ ಬರುವುದಿಲ್ಲ. ಸೋಲಾರ್ ಯೋಜನೆಗಳಿಗೆ ಪರಿಸರ ಪರಿಣಾಮದ ಅಧ್ಯಯನದಿಂದಲೂ ವಿನಾಯಿತಿ ಉಂಟು. ಹೀಗೆ, ಒಡೆಯನಿಗೆ ಒಳಿತಾಗಲೆಂದು ಹಿಡಿದ ದಾರಿಯಲ್ಲೇ ಕೂಲಿಯವರಿಗಿದ್ದ ರಕ್ಷಣೆ ಕಳಚಿಬಿತ್ತು.

ಒಡೆಯನ ಲಾಭವಾದರೂ ಎಷ್ಟು ಕಾಲ ಬಾಳೀತು? ಎರಡು ವರ್ಷಕ್ಕೆ ಶೇ. 5 ಎಂದರೆ ವರ್ಷಕ್ಕೆ ಎರಡೂವರೆಯಷ್ಟು. ರಿಸರ್ವ್ ಬ್ಯಾಂಕ್ ಹಣದುಬ್ಬರಕ್ಕೆ ಇಟ್ಟುಕೊಂಡ ಗುರಿಯೇ ಶೇ. 4. ಬೆಲೆಗಳು ಆ ಗುರಿಯಂತೆಯೇ ಏರಿದರೂ 28 ವರ್ಷದಲ್ಲಿ ಮೂರು ಪಟ್ಟಾಗುತ್ತವೆ. ಬಾಡಿಗೆ ಎರಡು ಪಟ್ಟೂ ಆಗದು. ರಾಗಿ, ಮೇವು ಎರಡನ್ನೂ ಹೊಲದಲ್ಲೇ ಬೆಳೆದುಕೊಳ್ಳುತ್ತಿದ್ದವರು ಈಗ ಅವನ್ನು ಇದೇ ದುಡ್ಡಿನಿಂದ ಕೊಳ್ಳಬೇಕು.

ಇದರಿಂದ ಸೋಲಾರ್ ಬೇಡ ಎಂಬ ತೀರ್ಮಾನಕ್ಕೆ ಬರುವುದು ತಪ್ಪು. ಬಯಲುಸೀಮೆಯ ಬಿಸಿಲು ಆ ಜನರಿಗೆ ಸಿಕ್ಕ ಮೊದಲ ನಂಬಿಕಸ್ಥ ಬೆಳೆ. ಅದರ ಪಾಲು ಹಂಚುವ ಬಗೆ ಬದಲಾಗಬೇಕು. ಗಣಿ ಪ್ರದೇಶಗಳಲ್ಲಿ ರಾಜಧನದ ಜೊತೆಗೆ ಅದರ ಒಂದು ಭಾಗದಷ್ಟು ಹಣ 2015ರ ತಿದ್ದುಪಡಿಯಂತೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹೋಗುತ್ತದೆ. ಬಾಧಿತರಿಗೆ ಜಮೀನಿದೆಯೇ ಎಂದು ಅದು ಕೇಳುವುದಿಲ್ಲ. ಮಾರಿದ ಪ್ರತಿ ಯೂನಿಟ್ಟಿನಿಂದ ಕೆಲವು ಪೈಸೆ ತೆಗೆದಿಟ್ಟು ಭೂಹೀನರಿಗೆ ಮುಡಿಪಾದ ಅಂಥದೇ ನಿಧಿಯನ್ನು ಸೋಲಾರ್ ಪಾರ್ಕುಗಳಿಗೂ ಮಾಡಬಹುದು. ಬಾಡಿಗೆಯನ್ನು ಬೆಲೆ ಸೂಚ್ಯಂಕಕ್ಕೆ ಜೋಡಿಸಬಹುದು. ಫಲಕಗಳನ್ನು ಸ್ವಲ್ಪ ಎತ್ತರಕ್ಕೆ ನಿಲ್ಲಿಸಿದರೆ ಕೆಳಗಿನ ಹುಲ್ಲನ್ನು ಕುರಿಗಳೇ ಮೇಯುತ್ತವೆ; ಹೊರದೇಶಗಳ ಸೋಲಾರ್ ಪಾರ್ಕುಗಳಲ್ಲಿ ಇದು ನಡೆಯುತ್ತಲೇ ಇದೆ. ಇವನ್ನೆಲ್ಲ ಹೊಸ ಗುತ್ತಿಗೆ ಪತ್ರಕ್ಕೆ ಸಹಿ ಬೀಳುವ ಮೊದಲೇ, ಕೂಲಿಯವರನ್ನೂ ಕುರಿಗಾಹಿಗಳನ್ನೂ ಗ್ರಾಮಸಭೆಯಲ್ಲಿ ಕೂರಿಸಿಕೊಂಡು ಬರೆಸಬೇಕು. ಸಹಿಯಾದ ಮೇಲೆ ಅವರ ಮಾತಿಗೆ 28 ವರ್ಷ ಎಡೆಯಿರುವುದಿಲ್ಲ.