ತೋರಾ ಕಾಣದ ಬೆಳೆ, ತೋರಾದ ನಿಯಮ

ಯೆಹೂದಿಗಳ ಧರ್ಮಗ್ರಂಥವಾದ ತೋರಾಕ್ಕೆ ಗೋಧಿ, ಜವೆಗೋಧಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಒಲೀವ್ ಗೊತ್ತು, ಕಾಫಿ ಗೊತ್ತಿಲ್ಲ. ಕೊಡಗಿನ ಚೆಟ್ಟಳ್ಳಿಯ ತೋಟಗಳಲ್ಲಿ ಮರಗಳ ನೆರಳಿನಡಿ ಬೆಳೆಯುವ ರೊಬಸ್ಟಾ ಕಾಫಿಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಆದರೂ ತೋರಾವನ್ನು ನಂಬಿ ನಡೆಯುವವರು ಏನನ್ನೇ ತಿನ್ನುವ, ಕುಡಿಯುವ ಮುನ್ನ ತಕ್ಕ ಸ್ತುತಿವಾಕ್ಯ ಹೇಳಲೇಬೇಕು. ಗ್ರಂಥ ಕಂಡಿರದ ವಸ್ತುವಿಗೆ ಗ್ರಂಥವನ್ನು ಆಧರಿಸಿದ ನಿಯಮ ಹೊಂದುವುದು ಹೇಗೆ?

ಯೆಹೂದಿ ಪರಂಪರೆ ಇದಕ್ಕೆ ಕಂಡುಕೊಂಡ ದಾರಿ ವಾದ. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಮಿಶ್ನಾ, ಅದರ ಮೇಲಿನ ಚರ್ಚೆಯಾದ ತಾಲ್ಮುಡ್, ಆಮೇಲೆ ಊರೂರಿನಿಂದ ಬಂದ ಸಂದೇಹಗಳಿಗೆ ಧರ್ಮಗುರುಗಳಾದ ರಬ್ಬಿಗಳು ಬರೆದ ಉತ್ತರಗಳು: ಇವುಗಳಲ್ಲಿ ಗೆದ್ದ ಅಭಿಪ್ರಾಯದ ಜೊತೆಗೆ ಸೋತ ಅಭಿಪ್ರಾಯವನ್ನೂ ಹೆಸರು ಹೇಳಿ ಉಳಿಸಿಕೊಂಡಿದ್ದಾರೆ. ಇಂದು ಸೋತ ಮಾತು ನಾಳಿನ ಕಷ್ಟಕ್ಕೆ ಆಧಾರವಾದೀತು ಎಂಬ ದೂರದೃಷ್ಟಿ ಇದರ ಹಿಂದಿದೆ.

ಹೀಗೆ ಶಾಸ್ತ್ರವನ್ನು ಬದುಕಿಗೆ ಹೊಂದಿಸಿದ ಒಂದು ಪ್ರಸಂಗ ಮಂಗಳೂರಿನಲ್ಲೇ ನಡೆದಿದೆ. ಟುನೀಶಿಯಾ ಮೂಲದ ವರ್ತಕ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ ಅಲ್ಲಿ ನೆಲೆಸಿ ಹಿತ್ತಾಳೆ ಪಾತ್ರೆ, ಮೆಣಸು, ಅಡಿಕೆಗಳ ವ್ಯಾಪಾರ ಮಾಡಿದ. 1132ರ ಅಕ್ಟೋಬರ್‌ನಲ್ಲಿ ಅವನು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಕೈರೋದ ಗೆನಿಜಾ ಎಂಬ ಹಳೆಯ ಕಾಗದಪತ್ರಗಳ ಸಂಗ್ರಹದಲ್ಲಿ ಉಳಿದಿದೆ. ಆಕೆಯೇ ಅವನ ಮಕ್ಕಳ ತಾಯಿ ಎಂಬುದು ವಿದ್ವಾಂಸರ ಅಭಿಪ್ರಾಯ. ಬಿಡುಗಡೆ ಹೊಂದಿದ ದಾಸಿ ಯೆಹೂದಿ ಸಮುದಾಯಕ್ಕೆ ಸೇರುತ್ತಾಳೆ, ಅವಳ ಮಕ್ಕಳೂ ಸೇರುತ್ತಾರೆ ಎಂಬ ನಿಯಮವನ್ನು ಅವನು ಹಿಡಿದಂತಿದೆ.

ಇನ್ನು ಕಾಫಿಯ ಮಾತು. ಅದು 16ನೇ ಶತಮಾನದಲ್ಲಿ ಯೆಮೆನ್ ಕಡೆಯಿಂದ ಕೈರೋಕ್ಕೆ ಬಂದಿತು. ಯೆಹೂದ್ಯೇತರರು ಕಾಸಿದ ಕಾಫಿ ಕುಡಿಯಬಹುದೇ ಎಂದು ಕೇಳಿದಾಗ ಅಲ್ಲಿನ ರಬ್ಬಿ ಡೇವಿಡ್ ಇಬ್ನ್ ಜಿಮ್ರಾ ಕುಡಿಯಬಹುದೆಂದರು. ಕಾಫಿ ಅಂಗಡಿಯಲ್ಲಿ ಹರಟುತ್ತ ಕೂರುವುದನ್ನು ಮಾತ್ರ ಒಪ್ಪಲಿಲ್ಲ. ಮರದ ಹಣ್ಣಿಗೆ ಒಂದು ಸ್ತುತಿ, ನೀರಿಗೆ ಇನ್ನೊಂದು, ಕಾಫಿಗೆ ಯಾವುದು? ಚೆಟ್ಟಳ್ಳಿಯ ಕಣದಲ್ಲಿ ನಿಂತರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಕೆಂಪು ಹಣ್ಣನ್ನು ಕೊಯ್ದು ಒಣಗಿಸುತ್ತಾರೆ, ಸಿಪ್ಪೆ ತೆಗೆಯುತ್ತಾರೆ, ಬೀಜ ಹುರಿದು ಪುಡಿಮಾಡುತ್ತಾರೆ, ಬಿಸಿನೀರಿನಲ್ಲಿ ಸಾರ ಇಳಿಸಿ ಚರಟವನ್ನು ಎಸೆಯುತ್ತಾರೆ. ಲೋಟಕ್ಕೆ ಬರುವುದು ಬಣ್ಣ ಮತ್ತು ರುಚಿ ಹೊತ್ತ ನೀರು. ಹಾಗಾಗಿ ನೀರಿನ ಸ್ತುತಿಯೇ ನಿಂತಿತು. ಪಸ್ಕ ಹಬ್ಬದಲ್ಲಿ ಬೇಳೆಕಾಳು ತಿನ್ನದ ಯೂರೋಪಿನ ಯೆಹೂದಿಗಳಿಗೆ ಕಾಫಿಬೀಜವೂ ಕಾಳೇ ಇರಬಹುದೆಂಬ ಅನುಮಾನ ಬಂದದ್ದುಂಟು. ಮರದ ಹಣ್ಣಿನ ಬೀಜವೆಂದು ತಿಳಿದ ಮೇಲೆ ಅನುಮತಿ ಸಿಕ್ಕಿತು. ಗಿಡ ಕಂಡ ಕೊಡಗಿನ ಮಗುವಿಗೆ ಈ ಅನುಮಾನವೇ ಬರುವುದಿಲ್ಲ. ಶಾಸ್ತ್ರವನ್ನು ಅನ್ವಯಿಸುವವರು ಗ್ರಂಥದಷ್ಟೇ ಶ್ರದ್ಧೆಯಿಂದ ವಸ್ತುವನ್ನೂ ಓದಬೇಕು. ಇಂದಿನ ಧಾರ್ಮಿಕ ತೀರ್ಪುಗಳು ಹೆಚ್ಚಾಗಿ ಎಡವುವುದು ಈ ಎರಡನೆಯ ಓದಿನಲ್ಲೇ.

ಎಲ್ಲ ನಿಯಮಗಳೂ ಎಲ್ಲ ನೆಲಕ್ಕೂ ಸಲ್ಲುವುದಿಲ್ಲ. ನೆಲಕ್ಕೆ ಸಂಬಂಧಿಸಿದ ವಿಧಿಗಳು ಇಸ್ರೇಲಿನ ಮಣ್ಣಿಗೆ ಸೀಮಿತವೆಂದು ಮಿಶ್ನಾ ಹೇಳಿ, ಕೆಲವನ್ನು ಈ ಮಿತಿಯಿಂದ ಹೊರಗಿಡುತ್ತದೆ. ನೆಟ್ಟ ಮರದ ಮೊದಲ ಮೂರು ವರ್ಷದ ಹಣ್ಣು ತಿನ್ನಬಾರದೆಂಬ ಯಾಜಕಕಾಂಡದ ವಿಧಿ ಎಲ್ಲೆಡೆಗೂ ಸಲ್ಲುತ್ತದೆ. ಬೇರೆ ಬೇರೆ ಜಾತಿಯ ಮರಗಳನ್ನು ಕಸಿ ಕಟ್ಟಬಾರದೆಂಬುದೂ ಹಾಗೆಯೇ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಂಥ ಕಡೆ ಕಿತ್ತಳೆಯ ಕಣ್ಣನ್ನು ಬೇರೆ ಜಾತಿಯ ನಿಂಬೆಯ ಬೇರುಗಿಡಕ್ಕೆ ಕೂರಿಸುವ ಕೆಲಸ ಯೆಹೂದಿ ಕೃಷಿಕನಿಗೆ ನಿಷಿದ್ಧವೇ ಎಂಬ ಪ್ರಶ್ನೆ ಏಳುತ್ತದೆ. ನಿಷಿದ್ಧವೆಂದರೂ ಆ ಗಿಡದ ಹಣ್ಣು ತಿನ್ನಲು ಅಡ್ಡಿಯಿಲ್ಲ. ಹೊಸ ಧಾನ್ಯವನ್ನು ಅರ್ಪಣೆಗೆ ಮುಂಚೆ ತಿನ್ನಬಾರದೆಂಬ ವಿಧಿ ಹೊಸ ಭತ್ತದ ಹಬ್ಬವಾದ ಪುತ್ತರಿ ಆಚರಿಸುವವರಿಗೆ ಹತ್ತಿರದ್ದೆನಿಸೀತು, ಆದರೆ ಅದರ ವ್ಯಾಪ್ತಿಯಲ್ಲಿ ಭತ್ತವಿಲ್ಲ.

ಕಠಿಣ ಪರೀಕ್ಷೆ ಏಳನೆಯ ವರ್ಷದ್ದು. ಆ ವರ್ಷ ಇಸ್ರೇಲಿನ ಹೊಲ ಬೀಳು ಬಿಡಬೇಕು, ಸಾಲ ಮನ್ನಾ ಆಗಬೇಕು. ಸಾಲ ಮುಳುಗೀತೆಂದು ಉಳ್ಳವರು ಬಡವರಿಗೆ ಕೊಡುವುದನ್ನೇ ನಿಲ್ಲಿಸಿದಾಗ, ಹಿಲ್ಲೆಲ್ ಎಂಬ ಗುರು ಸಾಲವಸೂಲಿಯನ್ನು ನ್ಯಾಯಾಲಯಕ್ಕೆ ಒಪ್ಪಿಸುವ 'ಪ್ರೊಜ್ಬುಲ್' ಪತ್ರವನ್ನು ಜಾರಿಗೆ ತಂದ. ಅಕ್ಷರ ಸಡಿಲಿತು, ಬಡವನಿಗೆ ಸಾಲ ಸಿಕ್ಕಿತು. ಮನ್ನಾದ ಉದ್ದೇಶವೂ ಬಡವನೇ ಆಗಿದ್ದರಿಂದ ಇದು ನಿಷ್ಠೆಯ ಅನ್ವಯವೆಂದೇ ಹೇಳಬೇಕು. 1889ರಲ್ಲಿ, ಬೀಳು ವರ್ಷದಲ್ಲಿ, ಇಸ್ರೇಲ್ ನೆಲದ ಹೊಸ ಯೆಹೂದಿ ವಲಸಿಗರ ಹೊಲಗಳನ್ನು ತಾತ್ಕಾಲಿಕವಾಗಿ ಅನ್ಯರಿಗೆ ಮಾರಿದಂತೆ ಮಾಡಿ ಉಳುಮೆಗೆ ಅವಕಾಶ ಕೊಟ್ಟದ್ದು ಅಷ್ಟು ಸಲೀಸಾಗಿ ಒಪ್ಪುವಂಥದ್ದಲ್ಲ. ಹಸಿವು ನಿಜ, ಆದರೆ ನೆಲಕ್ಕೆ ವಿಶ್ರಾಂತಿಯೇ ಸಿಗಲಿಲ್ಲ. ಜೆರುಸಲೇಮಿನ ಹಲವು ರಬ್ಬಿಗಳು ಆಗಲೇ ವಿರೋಧಿಸಿದರು. ಮುಂದೆ ಇದನ್ನು ಸಮರ್ಥಿಸಿದ ರಬ್ಬಿ ಕೂಕ್ ಕೂಡ ಇದನ್ನು ಆಪದ್ಧರ್ಮವೆಂದೇ ಕಂಡರು.

ಬೀಳು ವರ್ಷದಲ್ಲಿ ಮರ ಉಳಿಸುವ ಕೆಲಸ ಮಾಡಬಹುದು, ಬೆಳೆ ಹೆಚ್ಚಿಸುವ ಕೆಲಸ ಮಾಡಬಾರದು. ಈ ವಿಧಿ ಕೊಡಗಿಗೆ ಅನ್ವಯಿಸುವುದಿಲ್ಲ. ಅನ್ವಯಿಸಿದ್ದರೆ ಕೊಂಬೆ ಸವರುವ ಗಿಡಗಸಿಗೆ ತಡೆ ಬೀಳುತ್ತಿತ್ತು. ಫೆಬ್ರುವರಿ–ಮಾರ್ಚ್‌ನ ಹೂಮಳೆ ಕೈಕೊಟ್ಟಾಗ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುವುದು? ನೀರಿಲ್ಲದಿದ್ದರೂ ಗಿಡ ಸಾಯದಿರಬಹುದು, ಫಸಲು ಹೋಗುತ್ತದೆ. ಮರವನ್ನಷ್ಟೇ ಉಳಿಸಬೇಕೋ, ಹಣ್ಣನ್ನೂ ಉಳಿಸಬಹುದೋ ಎಂಬಲ್ಲಿ ಇಸ್ರೇಲಿನ ರಬ್ಬಿಗಳು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಮುಂದಿನ ಬೀಳು ವರ್ಷ 2028ರ ಸೆಪ್ಟೆಂಬರ್‌ನಲ್ಲಿ ಆರಂಭವಾಗುತ್ತದೆ.